ಕುಂಬಳಕಾಯಿ ಬುಡದ ಆಷಾಢ

ರುದ್ರಸ್ವಾಮಿ ಗಣಿತದ ಮೇಷ್ಟ್ರು. ಇಪ್ಪತ್ತೇಳು ವರ್ಷದ ಜೀವಮಾನದಲ್ಲಿ ಅವನಿಗೆ ತಪ್ಪಿದ ಲೆಕ್ಕ ಒಂದೇ ಒಂದು. ಅದು ಹೋಗಿ ಹೋಗಿ ಹೆಂಡತಿಯ ವಿಷಯದಲ್ಲೇ ತಪ್ಪಬೇಕೇ?

ಕೊಳ್ಳೇಗಾಲದ ಈ ಹುಡುಗ ಎರಡು ವರ್ಷದಿಂದ ಮಾರಿಷಸ್ಸಿನಲ್ಲಿ ಪಾಠ ಹೇಳುತ್ತಿದ್ದ. ಭೂಮಧ್ಯರೇಖೆಯನ್ನೂ ದಾಟಿ ದಕ್ಷಿಣಕ್ಕೆ ಹೋದರೆ ಸಮುದ್ರದ ನಡುವೆ ಸಿಗುವ ಚುಕ್ಕೆಯಂಥ ದ್ವೀಪ ಅದು. ಅಲ್ಲಿ ಎಲ್ಲವೂ ತಿರುಗುಮುರುಗು. ನಮ್ಮ ಜನ ಕಂಬಳಿ ಹೊದ್ದು ಮಲಗುವ ಡಿಸೆಂಬರಿನಲ್ಲಿ ಅಲ್ಲಿ ಬೇಸಿಗೆ, ಶಾಲೆಗೆ ದೊಡ್ಡ ರಜೆ. ಇಲ್ಲಿ ಮೇ ತಿಂಗಳಲ್ಲಿ ಕೆಂಪಗೆ ಅರಳುವ ಮೇಫ್ಲವರ್ ಮರ ಅಲ್ಲಿ ಕ್ರಿಸ್‌ಮಸ್ಸಿಗೆ ಅರಳುತ್ತದೆ. ಜುಲೈ ಬಂತೆಂದರೆ ಅಲ್ಲಿನವರು ಚಳಿ ಚಳಿ ಎಂದು ಸ್ವೆಟರ್ ಹುಡುಕುತ್ತಾರೆ.

ಹೋದ ಬೇಸಿಗೆ ರಜೆಗೆ, ಅಂದರೆ ನಮ್ಮ ಚಳಿಗಾಲಕ್ಕೆ, ಊರಿಗೆ ಬಂದವನು ಮಾಘಮಾಸದಲ್ಲಿ ಯಳಂದೂರು ತಾಲ್ಲೂಕಿನ ಅಗರದ ಗುರುಪಾದಸ್ವಾಮಿಯವರ ಮಗಳು ಶಿವರತ್ನಳನ್ನು ಮದುವೆಯಾದ. ಆರು ದಿನ ಸಂಸಾರ ಮಾಡಿದ. ಏಳನೆಯ ದಿನ ರಜೆ ಮುಗಿಯಿತು. ಅವಳಿಗೆ ಪಾಸ್‌ಪೋರ್ಟ್ ಇರಲಿಲ್ಲವಾಗಿ ಒಬ್ಬನೇ ವಿಮಾನ ಹತ್ತಿದ. ಅಲ್ಲಿಂದ ಮುಂದೆ ವಾರಕ್ಕೊಂದು ಕಾಗದ ಬರೆಯುವುದೇ ಅವನ ಸಂಸಾರವಾಯಿತು.

‘ಭಾನುವಾರ ಬಂತೆಂದರೆ ಇಲ್ಲಿ ಮನೆಯಲ್ಲಿ ಯಾರೂ ನಿಲ್ಲುವುದಿಲ್ಲ’ ಎಂದು ಬರೆಯುತ್ತಿದ್ದ. ‘ಅನ್ನದ ಪಾತ್ರೆ, ಚಾಪೆ, ಮಕ್ಕಳು, ಮುದುಕರು, ಎಲ್ಲವನ್ನೂ ಹೇರಿಕೊಂಡು ಸಮುದ್ರಕ್ಕೆ ಹೋಗಿ ಸರ್ವೆ ಮರದ ನೆರಳಲ್ಲಿ ಸಂಜೆವರೆಗೆ ಬಿದ್ದುಕೊಂಡಿರುತ್ತಾರೆ. ನಾನೂ ಹೋಗುತ್ತೇನೆ. ಒಬ್ಬನೇ ಚಿತ್ರಾನ್ನ ತಿಂದು, ಒಬ್ಬನೇ ಮುಳುಗಿ, ಒಬ್ಬನೇ ಒಣಗಿಕೊಂಡು ಬರುತ್ತೇನೆ. ಬರುವ ಡಿಸೆಂಬರಿನ ಬೇಸಿಗೆಗೆ ನೀನು ಇಲ್ಲಿ ಇರಲೇಬೇಕು.’

ಶಿವರತ್ನಳ ಉತ್ತರ ಮೂರು ಸಾಲು ಮೀರುತ್ತಿರಲಿಲ್ಲ. ‘ಪಾಸ್‌ಪೋರ್ಟಿಗೆ ಅಂತ ಅಜ್ಜಿಯೂ ನಾನೂ ಕೊಳ್ಳೇಗಾಲದ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡೆವು. ನಾನು ಕಣ್ಣು ಮುಚ್ಚಿಬಿಟ್ಟೆ. ನನ್ನದು ಎರಡು ಸಲ ತೆಗೆದರು.’

ಜೂನ್ ಹೊತ್ತಿಗೆ ಪಾಸ್‌ಪೋರ್ಟ್ ಬಂತು. ಜುಲೈಯಲ್ಲಿ ಅವನ ಶಾಲೆಗೆ ಮೂರು ವಾರ ಚಳಿಗಾಲದ ರಜೆ. ಆ ರಜೆಗೆ ಹೋಗಿ ಹೆಂಡತಿಯನ್ನು ಕರೆತರುವುದೆಂದು ರುದ್ರಸ್ವಾಮಿ ನಿಶ್ಚಯಿಸಿದ. ಆದರೆ ನಡುವೆ ಆಷಾಢ ಅಡ್ಡ ಬರುತ್ತದಲ್ಲ! ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ತವರಿನಲ್ಲಿರಬೇಕು, ಗಂಡನ ಮುಖ ನೋಡಬಾರದು. ಅತ್ತೆಯೂ ಅಳಿಯನೂ ಒಂದೇ ಹೊಸಿಲು ದಾಟಬಾರದು. ಇದೆಲ್ಲ ಅವನಿಗೆ ಗೊತ್ತಿತ್ತು, ಅದಕ್ಕೇ ಲೆಕ್ಕ ಹಾಕಿದ. ಅವನ ಕೋಣೆಯ ಗೋಡೆಯಲ್ಲಿ ಕೊಳ್ಳೇಗಾಲದ ಬಟ್ಟೆ ಅಂಗಡಿಯೊಂದರ ಹಳೆಯ ಕ್ಯಾಲೆಂಡರ್ ಇತ್ತು. ಅದರ ಪ್ರಕಾರ ಹೋದ ವರ್ಷದ ಆಷಾಢ ಮುಗಿದದ್ದು ಜುಲೈ ಇಪ್ಪತ್ತೈದಕ್ಕೆ. ಚಾಂದ್ರಮಾನದ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತವೆ. ಇಪ್ಪತ್ತೈದರಲ್ಲಿ ಹನ್ನೊಂದು ಕಳೆದರೆ ಹದಿನಾಲ್ಕು. ಆಷಾಢ ಮುಗಿದು ಐದು ದಿನಕ್ಕೆ ತಾನು ಊರಿನಲ್ಲಿ! ಆಗಸ್ಟ್ ಒಂಬತ್ತಕ್ಕೆ ಬೊಂಬಾಯಿಯಿಂದ ಹೊರಡುವ ವಿಮಾನದಲ್ಲಿ ಅಕ್ಕಪಕ್ಕದ ಎರಡು ಸೀಟು ಹಿಡಿದು, ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ.

ಹತ್ತೊಂಬತ್ತನೇ ತಾರೀಕು ಕೊಳ್ಳೇಗಾಲದ ಮನೆ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿದಾಗ ತಾಯಿ ಪುಟ್ಟಮಲ್ಲಮ್ಮ ಅವನ ಮುಖ ನೋಡಿ, “ಅಯ್ಯೋ ಮಗ, ಈಗ ಯಾಕ ಬಂದೆ? ಈ ವರ್ಸ ಎರಡು ಆಷಾಡ ಕಣಪ್ಪ. ಅಧಿಕ ಆಷಾಡ ಮೊನ್ನೆ ಮುಗೀತು. ನಿಜವಾದ್ದು ಈಗ ಸುರುವಾಗದ” ಎಂದಳು.

ಅಧಿಕ ಮಾಸ! ಹಳೆಯ ಕ್ಯಾಲೆಂಡರಿನಲ್ಲಿ ಅದು ಇರಲಿಲ್ಲ. ಈಗ ಆಷಾಢ ಮುಗಿಯುವುದು ಆಗಸ್ಟ್ ಹದಿಮೂರಕ್ಕೆ, ವಿಮಾನ ಹಾರುವುದು ಒಂಬತ್ತಕ್ಕೆ. ನಾಲ್ಕೇ ನಾಲ್ಕು ದಿನದ ವ್ಯತ್ಯಾಸದಲ್ಲಿ ಪಕ್ಕದ ಸೀಟು ಖಾಲಿ ಹೋಗುವಂತಾಯಿತು.

ಒಂದು ವಾರ ರುದ್ರಸ್ವಾಮಿ ಹಲ್ಲು ಕಚ್ಚಿ ಮನೆಯಲ್ಲಿ ಕೂತ. ಹದಿನೈದು ಕಿಲೋಮೀಟರ್ ಆಚೆ ಹೆಂಡತಿ ಇದ್ದಾಳೆ, ಸಮುದ್ರ ದಾಟಿ ಬಂದವನು ಅಷ್ಟು ದೂರ ಹೋಗುವ ಹಾಗಿಲ್ಲ. ಇಪ್ಪತ್ತೇಳನೇ ತಾರೀಕು ಭಾನುವಾರ ಬೆಳಿಗ್ಗೆ ಅವನ ತಾಳ್ಮೆ ಮುಗಿಯಿತು. ಅವಳಿಗೆಂದು ತಂದಿದ್ದ ಅಗಲ ಅಂಚಿನ ಹುಲ್ಲಿನ ಟೋಪಿಯನ್ನು ಪೇಪರಿನಲ್ಲಿ ಸುತ್ತಿಕೊಂಡ. ಸಮುದ್ರದ ಬಿಸಿಲಿಗೆ ಅಲ್ಲಿನ ಹೆಂಗಸರು ಹಾಕಿಕೊಳ್ಳುವ, ಕೆಂಪು ರಿಬ್ಬನ್ನಿನ ಟೋಪಿ ಅದು.

“ಯಳಂದೂರಲ್ಲಿ ನಮ್ಮ ಹಳೇ ಮೇಷ್ಟ್ರನ್ನ ನೋಡ್ಕಂಡು ಬತ್ತೀನಿ ಅವ್ವ” ಎಂದು ಹೇಳಿ ಬೀದಿಗೆ ಇಳಿದ.

ಪಕ್ಕದ ಮನೆಯ ಜಗಲಿಯಲ್ಲಿ ಬೇವಿನ ಕಡ್ಡಿ ಅಗಿಯುತ್ತ ಪುಟ್ಟಬಸಪ್ಪ ಕೂತಿದ್ದ. ಬೆಲ್ಲದ ವ್ಯಾಪಾರಿ. ಬೆಲ್ಲ ಮಾರುವುದಕ್ಕಿಂತ ಬೇರೆಯವರ ಮನೆ ವಿಚಾರ ಹಂಚುವುದರಲ್ಲೇ ಅವನಿಗೆ ಹೆಚ್ಚು ಆಸಕ್ತಿ.

“ಎಲ್ಲಿಗ್ಲಾ ರುದ್ರ, ಇಸ್ತ್ರಿ ಪ್ಯಾಂಟು, ಸೆಂಟು ವಾಸ್ನ?”

“ಯಳಂದೂರಿಗೆ ಬಸಪ್ಪಣ್ಣ.”

“ನಾನೂ ಆ ಕಡ್ಗೇ ಒಂಟಿವ್ನಿ, ತಡಿ” ಎಂದು ಅವನು ಕಡ್ಡಿ ಎಸೆದು, ಟವೆಲು ಹೆಗಲಿಗೆ ಹಾಕಿ ಹೊರಟೇಬಿಟ್ಟ. ಒಂದು ನಿಮಿಷದ ಹಿಂದೆ ಅವನಿಗೆ ಎಲ್ಲಿಗೂ ಹೋಗುವ ಯೋಚನೆ ಇರಲಿಲ್ಲವೆಂಬುದು ರುದ್ರಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು.

ಬಸ್ಸಿನಲ್ಲಿ ರುದ್ರಸ್ವಾಮಿ ತಗ್ಗಿದ ದನಿಯಲ್ಲಿ, “ಯಳಂದೂರು ಎರಡು” ಎಂದ.

“ಅಗರ ಎರಡು ಕೊಡಪ್ಪ” ಎಂದು ಪುಟ್ಟಬಸಪ್ಪ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. “ಎಂಡ್ತಿ ಊರು ಬುಟ್ಟು ಮುಂದಕ್ಕ ಯಾಕ ಓದಾನು? ಈ ಹುಡ್ಗ ಮಾರೀಚನ ದೇಸದಲ್ಲಿ ಮೇಷ್ಟ್ರು. ಪಾಪ, ಮದ್ವೆ ಆಗಿ ಆರೇ ದಿನ ಕಣ್ರಪ್ಪ ಸಂಸಾರ ಮಾಡಿರದು.”

ಬಸ್ಸು ಮರುಗಿತು. ಆರು ದಿನ ಅಷ್ಟೇನಾ ಎಂದು ಮುಂದಿನ ಸೀಟಿನವರು ಹಿಂದೆ ತಿರುಗಿ ನೋಡಿದರು. ಆಷಾಢದಲ್ಲಿ ಮಾವನ ಮನೆಗೆ ಹೋಗುವುದು ಸರಿಯೇ ತಪ್ಪೇ ಎಂದು ಎರಡು ಪಕ್ಷಗಳಾದವು. ಕಂಡಕ್ಟರು ಚಿಲ್ಲರೆ ಕೊಡುವುದನ್ನು ಬಿಟ್ಟು ಸರಿ ಎನ್ನುವ ಪಕ್ಷಕ್ಕೆ ಸೇರಿದ. ಹಿಂದಿನ ಸೀಟಿನಿಂದ ಒಬ್ಬ ಹೆಂಗಸು, “ಗುರುಪಾದಪ್ಪೋರ ಅಳಿಮಯ್ಯನಾ? ನಾನು ಅವ್ರ ಪಕ್ಕದ ಮನೆ ರಾಮಮ್ಮ ಕಣಪ್ಪ” ಎಂದು ಪರಿಚಯ ಹೇಳಿಕೊಂಡಳು. ಅಗರದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು, ಸೀರೆ ಎತ್ತಿ ಕಟ್ಟಿ, ಊರೊಳಕ್ಕೆ ಓಡಿದಳು.

ಹಾಗಾಗಿ ರುದ್ರಸ್ವಾಮಿ ಮಾವನ ಮನೆ ಮುಟ್ಟುವ ಹೊತ್ತಿಗೆ ಎಲ್ಲ ಸಿದ್ಧತೆಯೂ ಆಗಿತ್ತು. ಅತ್ತೆ ಬಸವಮ್ಮ ಹಿತ್ತಲ ಬಾಗಿಲಿನಿಂದ ಹೋಗಿ ದನದ ಕೊಟ್ಟಿಗೆ ಸೇರಿದ್ದಳು. ಶಿವರತ್ನಳನ್ನು ಕೋಣೆಗೆ ಸೇರಿಸಿ, ಬೀದಿ ಕಡೆಯ ಕಿಟಕಿಯ ಒಂದು ಬಾಗಿಲು ಮಾತ್ರ ತೆರೆದಿಟ್ಟಿದ್ದರು. ಜಗಲಿಯ ಮೇಲೆ ಅವಳ ಅಜ್ಜಿ ದೊಡ್ಡಬಸಮ್ಮ ಕಾಲು ಚಾಚಿ ಕೂತು, ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಬಾಯಲ್ಲಿ ಹಲ್ಲು ಒಂದೂ ಇರಲಿಲ್ಲ. ತಲೆಯಲ್ಲಿ ಮಾತ್ರ ಎಲ್ಲ ಇದ್ದವು.

“ಬಾ ಮಗ, ಬಾ. ಹೊಸಿಲು ದಾಟ್ಬೇಡ. ಇಲ್ಲೇ ಜಗಲಿ ಮ್ಯಾಲ ಕುಂತ್ಕ” ಎಂದಳು ದೊಡ್ಡಬಸಮ್ಮ.

“ಅಳಿಯಂದ್ರು ಚೆನ್ನಾಗವರಾ?” ಎಂದು ಕೊಟ್ಟಿಗೆಯ ಗೋಡೆ ಆಚೆಯಿಂದ ಅತ್ತೆಯ ದನಿ ಬಂತು.

“ಚೆನ್ನಾಗಿದೀನಿ ಅತ್ತೆ” ಎಂದು ರುದ್ರಸ್ವಾಮಿ ಗೋಡೆಗೆ ಉತ್ತರ ಕೊಟ್ಟ. ಕಿಟಕಿಯೊಳಗೆ ಬಳೆ ಸದ್ದಾಯಿತು. ಆ ಸದ್ದಿಗೆ ಅವನ ಎದೆ ಹೊಡೆದುಕೊಂಡದ್ದು ಪಕ್ಕದಲ್ಲಿ ಕೂತ ಪುಟ್ಟಬಸಪ್ಪನಿಗೂ ಕೇಳಿಸಿರಬೇಕು. ಅವನು ಕಣ್ಣು ಮಿಟುಕಿಸಿದ.

ಅಷ್ಟರಲ್ಲಿ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಜಗಲಿಯ ಕೆಳಗೆ ಕೂತರು. ರಾಮಮ್ಮ ಒಳಗಿನಿಂದ ಮುದ್ದೆ, ಹುರುಳಿ ಸಾರು ತಂದಿಟ್ಟಳು. ಇಪ್ಪತ್ತು ಜನ ನೋಡುತ್ತಿರುವಾಗ ಮುದ್ದೆ ನುಂಗುವುದು ಸುಲಭವಲ್ಲ. ಊಟದ ನಡುವೆ ಟೋಪಿ ನೆನಪಾಗಿ ತಿರುಗಿ ನೋಡಿದರೆ, ಜಗಲಿಯ ಅಂಚಿನಲ್ಲಿಟ್ಟಿದ್ದ ಪೊಟ್ಟಣ ಬಿಚ್ಚಿಕೊಂಡಿತ್ತು. ಬೀದಿಯ ಎಮ್ಮೆಯೊಂದು ಟೋಪಿಯ ಅಂಚೆಲ್ಲ ಮುಗಿಸಿ ನೆತ್ತಿಯ ಭಾಗಕ್ಕೆ ಬಂದಿತ್ತು. ರಿಬ್ಬನ್ನನ್ನು ಮಾತ್ರ ಪಕ್ಕಕ್ಕೆ ಉಗುಳಿತ್ತು.

“ಯಾರ್ಗ ತಂದಿದ್ದೆ ಆ ಕುಕ್ಕೆನ?” ಎಂದಳು ದೊಡ್ಡಬಸಮ್ಮ.

“ಅದು ಕುಕ್ಕೆ ಅಲ್ಲ ಅಜ್ಜಿ, ಟೋಪಿ. ಶಿವರತ್ನಂಗೆ. ಅಲ್ಲಿ ಸಮುದ್ರಕ್ಕೆ ಹೋಗೋವಾಗ...” ಎಂದು ಹೇಳುತ್ತ, ಜೇಬಿನಿಂದ ಕರವಸ್ತ್ರ ತೆಗೆಯಲು ಹೋದ. ಅದರ ಜೊತೆ ಫೋಟೋ ಒಂದು ಜಾರಿ ಕೆಳಗೆ ಬಿತ್ತು. ಅವನೂ ಅವನ ಶಾಲೆಯ ಮೂವರು ಮೇಷ್ಟ್ರುಗಳೂ ಬರೀ ಚಡ್ಡಿಯಲ್ಲಿ ಮರಳ ಮೇಲೆ ನಿಂತು ನಗುತ್ತಿರುವ ಚಿತ್ರ. ಹಿಂದೆ ಡಿಸೆಂಬರ್ ಎಂದು ಬರೆದಿತ್ತು.

ರಾಮಮ್ಮ ಅದನ್ನು ಎತ್ತಿಕೊಂಡು ಕೂಗಿದಳು. “ಅಯ್ಯೋ ನಮ್ಮಪ್ಪ! ಬಟ್ಟನೆಲ್ಲ ಯಾರ್ ಕಿತ್ಕಂಡ್ರು?”

“ಯಾರೂ ಕಿತ್ತುಕೊಂಡಿಲ್ಲಮ್ಮ. ಈಜೋಕೆ ಹೋಗಿದ್ವಿ.”

“ಪುಷ್ಯಮಾಸದ ಚಳೀಲಾ?”

“ಅಲ್ಲಿ ಆಗ ಬೇಸಿಗೆ.”

“ಸಂಬಳದ ಮೇಷ್ಟ್ರುಗ ಒಂದು ಪಂಚೆ ಇಲ್ಲಾಂದ್ರ ಏನ್ ದೇಸನೋ” ಎಂದು ಜಗಲಿಯ ಕೆಳಗಿನಿಂದ ಯಾರೋ ನೊಂದುಕೊಂಡರು. ಅತ್ತೆಯೂ ನೋಡಬೇಕೆಂದಳಾಗಿ ಫೋಟೋ ಕೊಟ್ಟಿಗೆಗೆ ಹೋಯಿತು. ಅಲ್ಲಿಂದ “ಶಿವನೇ” ಎಂಬ ಸದ್ದು ಬಂತು. ಆಮೇಲೆ ರಾಮಮ್ಮ ಅದನ್ನು ಕಿಟಕಿಯೊಳಕ್ಕೆ ಕೊಟ್ಟಳು. ಕಿಟಕಿಗೆ ಹೋದ ಫೋಟೋ ಮತ್ತೆ ಹೊರಗೆ ಬರಲಿಲ್ಲ.

ಎಲ್ಲರೂ ನಕ್ಕರು, ದೊಡ್ಡಬಸಮ್ಮ ಮಾತ್ರ ನಗಲಿಲ್ಲ. ಕುಟ್ಟಾಣಿ ನಿಲ್ಲಿಸಿ ಒಂದೊಂದೇ ವಿಚಾರಿಸಿಕೊಂಡಳು. “ಇಮಾನದಲ್ಲಿ ಎಷ್ಟೊತ್ತು ಕೂರ್ಬೇಕು ಮಗ? ನಡುವ ಇಳ್ದು ಕಾಲಾಡಕ್ಕ ಬುಟ್ಟರಾ? ಅಲ್ಲಿ ಎಲ ಅಡಕ ಸಿಕ್ಕದಾ? ಸಮುದ್ರದಲ್ಲಿ ಮುದುಕ್ರೂ ಇಳೀತಾರಾ, ಬರೀ ಹುಡುಗ್ರೇನಾ?”

ಎಲೆ ಅಡಿಕೆ ತಮಿಳರ ಅಂಗಡಿಯಲ್ಲಿ ಸಿಗುತ್ತದೆ, ಮುದುಕರೂ ಮಂಡಿವರೆಗೆ ಇಳಿದು ಗಂಟೆಗಟ್ಟಲೆ ನಿಲ್ಲುತ್ತಾರೆ ಎಂದು ಅವನು ಎಲ್ಲಕ್ಕೂ ಉತ್ತರ ಹೇಳಿದ. ಮೊಮ್ಮಗಳು ಹೋಗುವ ಊರಿನ ಬಗ್ಗೆ ಈ ಅಜ್ಜಿಗೆ ಎಷ್ಟು ಕಾಳಜಿ ಎಂದು ಅವನ ಮನಸ್ಸು ತುಂಬಿ ಬಂತು.

ಮಧ್ಯಾಹ್ನ ಗುರುಪಾದಸ್ವಾಮಿ ಗದ್ದೆಯಿಂದ ಬಂದರು. ಆರಡಿ ಆಳು, ಊರಿನ ನ್ಯಾಯ ತೀರಿಸುವವರು. ತಮ್ಮ ಅವ್ವನ ಮುಂದೆ ಮಾತ್ರ ಬಾಯಿ ಬರುತ್ತಿರಲಿಲ್ಲ.

“ಅಳಿಯಂದ್ರೆ, ಈ ತಿಂಗ್ಳು ಬರ್ಬಾರ್ದಾಗಿತ್ತು” ಎಂದರು ಮೆಲ್ಲಗೆ.

“ಮಾವ, ಒಂಬತ್ತಕ್ಕೆ ವಿಮಾನ. ಶಿವರತ್ನನ್ನ ಜೊತೇಲಿ ಕಳಿಸಿಕೊಡಿ. ಕೇಳೋಕೆ ಅಂತಾನೇ ಬಂದೆ.”

  ಗುರುಪಾದಸ್ವಾಮಿಯವರು ಅವ್ವನ ಕಡೆ ನೋಡಿದರು. ದೊಡ್ಡಬಸಮ್ಮ ಕುಟ್ಟಾಣಿ ಕಡೆ ನೋಡಿದಳು. “ಅಮಾಸೆ ಕಳೀಲಿ ಮಗ. ಆಷಾಡದಲ್ಲಿ ಹೆಣ್ಣ ಕಳ್ಸಕ್ಕ ಇಲ್ಲ” ಎಂದಳು.

ಆಗ ರುದ್ರಸ್ವಾಮಿಯೊಳಗಿನ ಮೇಷ್ಟ್ರು ಎದ್ದು ನಿಂತ. “ಅಜ್ಜಿ, ಆಷಾಢದಲ್ಲಿ ಗಂಡ ಹೆಂಡ್ತೀನ ಯಾಕೆ ಬೇರೆ ಇಡ್ತಾರೆ, ಅದನ್ನ ಹೇಳಿ.”

ಗುರುಪಾದಸ್ವಾಮಿ ಕೆಮ್ಮಿದರು. ಅಜ್ಜಿಗೆ ಯಾವ ನಾಚಿಕೆಯೂ ಇರಲಿಲ್ಲ. “ಆಷಾಡದಲ್ಲಿ ನಿಂತ ಬಸ್ರು ಚೈತ್ರಕ್ಕ ಹೆರಿಗ ಆಯ್ತದ. ಉರಿ ಬಿಸ್ಲು. ಬಾಣಂತೀನೂ ಬೇಯ್ತಾಳ, ಕೂಸೂ ಬೇಯ್ತದ. ಅದ್ಕ.”

“ಅಷ್ಟೇ ತಾನೆ? ನಮ್ಮಲ್ಲಿ ಚೈತ್ರದಲ್ಲಿ ಬಿಸಿಲೇ ಇಲ್ಲ!”

ಜಗಲಿಯ ಮೂಲೆಯಲ್ಲಿ ಕುಂಬಳಕಾಯಿಗಳ ರಾಶಿ ಇತ್ತು. ಅದರಲ್ಲಿ ದುಂಡನೆಯದೊಂದನ್ನು ಎತ್ತಿಕೊಂಡ. ಒಂದು ಹಿತ್ತಾಳೆ ಚೊಂಬು ತರಿಸಿ ಜಗಲಿಯ ನಡುವೆ ಇಟ್ಟ. “ಈ ಚೊಂಬು ಸೂರ್ಯ. ಈ ಕಾಯಿ ಭೂಮಿ.”

“ಭೂಮಿಗ ತೊಟ್ಟು ಅದಾ?” ಎಂದ ಪುಟ್ಟಬಸಪ್ಪ.

“ತೊಟ್ಟು ಉತ್ತರ ಧ್ರುವ. ಸುಮ್ನಿರಿ ಬಸಪ್ಪಣ್ಣ.” ಅಜ್ಜಿಯ ಡಬ್ಬಿಯಿಂದ ಸುಣ್ಣ ತೆಗೆದು ಕಾಯಿಯ ಮೇಲೆ ಎರಡು ಚುಕ್ಕೆ ಇಟ್ಟ. “ಮೇಲಿನ ಚುಕ್ಕೆ ಅಗರ. ಕೆಳಗೆ, ಬುಡದ ಕಡೆ ಇರೋದು ನಮ್ಮ ದ್ವೀಪ.”

“ಬುಡದಲ್ಲಿರೋರು ಉದುರೋಗಕಿಲ್ವಾ?” ಎಂದು ರಾಮಮ್ಮ ಗಾಬರಿಯಾದಳು.

“ಇಲ್ಲ. ನೋಡಿ, ತೊಟ್ಟು ಚೊಂಬಿನ ಕಡೆ ವಾಲಿದಾಗ ಅಗರಕ್ಕೆ ಬಿಸಿಲು, ಬುಡಕ್ಕೆ ಚಳಿ. ಆ ಕಡೆಗೆ ಹೋಗಿ ಬುಡ ವಾಲಿದಾಗ ನಮಗೆ ಬಿಸಿಲು, ನಿಮಗೆ ಚಳಿ. ಆರು ತಿಂಗಳು ಅದಲು ಬದಲು. ಇಲ್ಲಿ ಆಷಾಢ ಅಂದ್ರೆ ಅಲ್ಲಿ ಪುಷ್ಯ. ಇಲ್ಲಿ ಪುಷ್ಯ ಅಂದ್ರೆ ಅಲ್ಲಿ ಆಷಾಢ. ಇಲ್ಲಿ ಚೈತ್ರ ಅಂದ್ರೆ ಅಲ್ಲಿ ಆಶ್ವೀಜ. ಆಶ್ವೀಜದಲ್ಲಿ ಕೂಸು ಬೇಯುತ್ತಾ ಅಜ್ಜಿ?”

“ಆಶ್ವೀಜ ತಂಪು” ಎಂದಳು ದೊಡ್ಡಬಸಮ್ಮ. “ಇನ್ನೊಂದು ಸಲ ಯೋಳು.”

ಅವನು ಕುಂಬಳಕಾಯಿ ಹಿಡಿದು ಚೊಂಬಿನ ಸುತ್ತ ಇನ್ನೊಂದು ಪ್ರದಕ್ಷಿಣೆ ಬಂದ. ಅವಳು ಮತ್ತೊಮ್ಮೆ ಎಂದಳು. ಮತ್ತೊಮ್ಮೆ ಬಂದ. ಎಷ್ಟೋ ವರ್ಷದಿಂದ ಇಂಥ ಶಿಷ್ಯೆ ಅವನಿಗೆ ಸಿಕ್ಕಿರಲಿಲ್ಲ. ಅವಳು ಬೆರಳಿನ ಗೆಣ್ಣು ಮುಟ್ಟಿ ಮುಟ್ಟಿ, ಆಷಾಢ ಪುಷ್ಯ, ಪುಷ್ಯ ಆಷಾಢ ಎಂದು ಬಾಯಿಪಾಠ ಮಾಡಿಕೊಂಡಳು. ಜಗಲಿಯ ಕೆಳಗಿನವರೂ ಅವಳ ಜೊತೆ ಸೇರಿ ಹೇಳತೊಡಗಿದರು. ಶಾಲೆಯೇ ನಡೆದಂತಿತ್ತು.

ಕೊನೆಗೆ ಅಜ್ಜಿ ತಲೆದೂಗಿದಳು. “ಗುರುಪಾದ, ಅಳಿಮಯ್ಯ ಯೋಳದು ಸರಿ ಅದ ಕಣೋ. ಇವ್ನಿರದು ಬುಡದಲ್ಲಿ. ಇವ್ನಿಗ ಈಗ ಆಷಾಡ ಅಲ್ಲ.”

ಬಳೆಗಳು ಜಲ್ಲೆಂದವು. ಗುರುಪಾದಸ್ವಾಮಿಯವರು ನಿಟ್ಟುಸಿರು ಬಿಟ್ಟು ನಕ್ಕರು. “ಇನ್ನೇನು, ಒಳಕ್ಕ ಬನ್ನಿ ಅಳಿಯಂದ್ರೆ” ಎಂದರು. ರುದ್ರಸ್ವಾಮಿ ಕುಂಬಳಕಾಯಿಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಬಾಗಿಲ ಮುಂದೆ ನಿಂತು ಬಲಗಾಲು ಎತ್ತಿದ.

“ತಡಿ” ಎಂದಳು ದೊಡ್ಡಬಸಮ್ಮ.

ಕಾಲು ಗಾಳಿಯಲ್ಲೇ ನಿಂತಿತು.

“ಈಗ ನಿಮ್ಮಲ್ಲಿ ಯಾವ ಮಾಸ ಅಂದೆ?”

“ಪುಷ್ಯ ಅಜ್ಜಿ.”

“ಪುಷ್ಯ ಸೂನ್ಯಮಾಸ ಅಲ್ವಾ ಮಗ? ಸೂನ್ಯಮಾಸದಲ್ಲಿ ಹೊಸ ಹೆಣ್ಣ ಗಂಡನ ಮನೆ ತುಂಬ್ಸಕ್ಕ ಆದದಾ?”

ಆಗದು, ಆಗದು ಎಂದು ಜಗಲಿಯ ಕೆಳಗಿನ ಶಿಷ್ಯವರ್ಗ ಒಕ್ಕೊರಲಿನಿಂದ ಹೇಳಿತು. ಎತ್ತಿದ ಕಾಲು ಇದ್ದಲ್ಲಿಗೇ ಇಳಿಯಿತು.

“ಮೊನ್ನೆ ಚಂದ್ರನ ಮ್ಯಾಲೇ ಕಾಲಿಟ್ಟು ಬಂದವ್ರ. ನಿಂಗ ಈ ಹೊಸಿಲ ಮ್ಯಾಲ ಇಡಕ್ಕಾಗ್ನಿಲ್ವಲ್ಲೋ ರುದ್ರ” ಎಂದ ಪುಟ್ಟಬಸಪ್ಪ.

ರುದ್ರಸ್ವಾಮಿಗೆ ಈಗ ನಿಜವಾಗಿಯೂ ಅಳು ಬಂತು. ಅವನಿಗೆ ಖಾಲಿ ಸೀಟು ಕಾಣಿಸಿತು. ಒಬ್ಬನೇ ಅಟ್ಟು ಒಬ್ಬನೇ ಉಣ್ಣುವ ಕೋಣೆ ಕಾಣಿಸಿತು. ಸರ್ವೆ ಮರದ ಕೆಳಗೆ ಎಲ್ಲರ ಸಂಸಾರಗಳ ನಡುವೆ ತನ್ನ ಒಂದು ಚಾಪೆ ಕಾಣಿಸಿತು. “ಹೋಗಲಿ ಬಿಡಿ ಅಜ್ಜಿ. ಡಿಸೆಂಬರ್ ರಜೆಗೆ ಮತ್ತೆ ಬತ್ತೀನಿ. ಆಗಲಾದರೂ ಕಳಿಸಿಕೊಡಿ” ಎಂದ.

“ಡಿಸೆಂಬರು ಅಂದ್ರ ಇಲ್ಲಿ ಪುಷ್ಯ” ಎಂದಳು ಅಜ್ಜಿ ಬೆರಳು ಮುಟ್ಟುತ್ತ. “ಅಲ್ಲಿ?”

“ಆಷಾಡ!” ಎಂದಿತು ಇಡೀ ಜಗಲಿ. ಕೊಟ್ಟಿಗೆಯಿಂದಲೂ ಅದೇ ಉತ್ತರ ಬಂತು. ಒಂದೇ ಮಧ್ಯಾಹ್ನದಲ್ಲಿ ಊರಿಗೆ ಊರೇ ಪಾಠ ಕಲಿತದ್ದನ್ನು ಕಂಡು ಮೇಷ್ಟ್ರು ಹಣೆ ಹಿಡಿದುಕೊಂಡು ಕೂತುಬಿಟ್ಟ.

ಆಗ ಕಿಟಕಿ ಬಾಯಿಬಿಟ್ಟಿತು.

“ಅಜ್ಜಿ, ಇಲ್ಲಿ ಶ್ರಾವಣ ಅಂದ್ರೆ ಅಲ್ಲಿ ಯಾವ ಮಾಸ?”

ಬೆಳಗಿನಿಂದ ಶಿವರತ್ನ ಆಡಿದ ಮೊದಲ ಮಾತು ಅದು. ಅಜ್ಜಿಯ ಬೆರಳು ಗೆಣ್ಣಿನಿಂದ ಗೆಣ್ಣಿಗೆ ಓಡಿತು. ರುದ್ರಸ್ವಾಮಿಯದು ಇನ್ನೂ ಬೇಗ ಓಡಿತು. “ಮಾಘ!” ಎಂದು ಅವನು ಎದ್ದು ನಿಂತ.

“ನಮ್ಮ ಮದ್ವೆ ಆಗಿದ್ದೇ ಮಾಘದಲ್ಲಿ” ಎಂದಿತು ಕಿಟಕಿ. “ಇಲ್ಲೂ ಒಳ್ಳೇ ಮಾಸ, ಅಲ್ಲೂ ಒಳ್ಳೇ ಮಾಸ. ಇವ್ರು ಮುಂದೆ ಹೋಗ್ಲಿ. ನನ್ನ ಟಿಕೇಟನ್ನ ಶ್ರಾವಣಕ್ಕೆ ಬದಲಾಯ್ಸಿದ್ರೆ ನಾನು ಹಿಂದಿಂದ ಹೋಯ್ತೀನಿ.”

ಈ ಹುಡುಗಿಯನ್ನು ಮದುವೆಯಾಗಿದ್ದು ತನ್ನ ಪುಣ್ಯ ಎಂದು ರುದ್ರಸ್ವಾಮಿಗೆ ಆ ಕ್ಷಣ ಅನ್ನಿಸಿತು. ಇಷ್ಟು ಸಣ್ಣ ಲೆಕ್ಕ ತನಗೇಕೆ ಹೊಳೆಯಲಿಲ್ಲ! ಗುರುಪಾದಸ್ವಾಮಿಯವರು ಮಾತ್ರ ಮೀಸೆ ತೀಡಿಕೊಂಡರು. “ಅಷ್ಟು ದೂರ ಹೆಣ್ಮಗ ಒಬ್ಳೇ ಹೆಂಗವ್ವ ಹೋಗದು? ಜೊತೆಗೊಬ್ರು ಬೇಕಲ್ಲ” ಎಂದರು. ಪುಟ್ಟಬಸಪ್ಪ ಗಂಟಲು ಸರಿಮಾಡಿಕೊಂಡು ನೆಟ್ಟಗೆ ಕೂತ.

ದೊಡ್ಡಬಸಮ್ಮ ಸೊಂಟದಿಂದ ಎಲೆ ಅಡಿಕೆಯ ಚೀಲ ತೆಗೆದಳು. ಎಲೆಗಳನ್ನು ಒಂದು ಕಡೆಗೆ ಸರಿಸಿ, ಅಡಿಯಿಂದ ಬಟ್ಟೆಯಲ್ಲಿ ಸುತ್ತಿದ ರಟ್ಟಿನ ಪುಸ್ತಕವೊಂದನ್ನು ತೆಗೆದು ಜಗಲಿಯ ಮೇಲೆ ಇಟ್ಟಳು. ರುದ್ರಸ್ವಾಮಿ ಬಿಡಿಸಿ ನೋಡಿದ. ಪಾಸ್‌ಪೋರ್ಟ್. ಒಳಗೆ ದೊಡ್ಡಬಸಮ್ಮನ ಫೋಟೋ. ಮೊಮ್ಮಗಳ ಹಾಗೆ ಕಣ್ಣು ಮುಚ್ಚಿರಲಿಲ್ಲ, ಎರಡೂ ಕಣ್ಣು ಅಗಲವಾಗಿ ಬಿಟ್ಟುಕೊಂಡು ನೇರವಾಗಿ ಅವನನ್ನೇ ನೋಡುತ್ತಿದ್ದಳು.

“ಇವ್ಳದು ಮಾಡ್ಸಿದಾಗ್ಲೇ ನಂದೂ ಮಾಡ್ಸು ಅಂದೆ ಗುರುಪಾದಂಗ. ನಾನೂ ಬತ್ತೀನಿ ಮಗ. ಬೇಸಿಗ ಮುಗಿಯೋಗಂಟ ಇದ್ದು ಬತ್ತೀನಿ.”

“ಬೇಸಿಗೆ ಮುಗಿಯೋವರೆಗಾ?” ಎಂದ ರುದ್ರಸ್ವಾಮಿ.

“ಮತ್ತ? ಮದ್ವೆ ಆಗಿ ವರ್ಸ ತುಂಬಕ್ಕ ಮುಂಚೆ ಡಿಸೆಂಬರಲ್ಲಿ ನಿಮ್ಮ ಆಷಾಡ ಬತ್ತದಲ್ಲ. ಆಗ ಇವಳ್ನ ತವ್ರಿಗ ಕಳ್ಸಬೇಕಾ ಬ್ಯಾಡ್ವಾ? ಆ ಸಮುದ್ರದಲ್ಲಿ ತವ್ರು ಎಲ್ಲದ? ನಾನು ಇರೋ ಕಡೇನೇ ಅವ್ಳಿಗ ತವ್ರು. ನಾವಿಬ್ರೂ ಒಳಗ ಮಲೀಕತೀವಿ. ನಿಮ್ಮ ಮನೇಗ ಜಗಲಿ ಅದಾ?”

ಸುಳ್ಳು ಹೇಳಬಹುದಿತ್ತು. ಬೆಳಿಗ್ಗೆ ತಾಯಿಗೆ ಒಂದು, ಕಂಡಕ್ಟರಿಗೆ ಒಂದು ಹೇಳಿ ಅವನ ಶಕ್ತಿ ಮುಗಿದಿತ್ತು. “ಇದೆ ಅಜ್ಜಿ” ಎಂದ.

“ಸರಿ ಅಂಗಾರ” ಎಂದು ಅವಳು ಪಾಸ್‌ಪೋರ್ಟನ್ನು ಎಲೆಯ ಅಡಿಗೆ ಸೇರಿಸಿ, ಮತ್ತೆ ಕುಟ್ಟಾಣಿ ಎತ್ತಿಕೊಂಡಳು.

ಸಂಜೆಯ ಬಸ್ಸಿನಲ್ಲಿ ರುದ್ರಸ್ವಾಮಿ ಕಿಟಕಿ ಪಕ್ಕ ಕೂತಿದ್ದ. ಅಳಿಯನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅತ್ತೆ ಕೊಟ್ಟಿಗೆಯಿಂದಲೇ ಆಜ್ಞೆ ಮಾಡಿದ್ದರಿಂದ, ಎರಡು ಸುಣ್ಣದ ಚುಕ್ಕೆಯ ಆ ಕುಂಬಳಕಾಯಿ ಒಂದು ಕೈಚೀಲದಲ್ಲಿ ಅವನ ತೊಡೆಯ ಮೇಲಿತ್ತು. ಪುಟ್ಟಬಸಪ್ಪ ಮುಂದಿನ ಸೀಟಿಗೆ ಹೋಗಿ ಹೊಸ ಪ್ರಯಾಣಿಕರಿಗೆ ಕತೆಯನ್ನು ಮೊದಲಿನಿಂದ ಶುರು ಮಾಡಿದ್ದ. ರುದ್ರಸ್ವಾಮಿ ಬೆರಳು ಮಡಿಸಿದ. ಅಧಿಕ ಆಷಾಢ ಒಂದು. ನಿಜ ಆಷಾಢ ಎರಡು. ಡಿಸೆಂಬರಿನದು ಮೂರು. ಒಂದೇ ವರ್ಷದಲ್ಲಿ ಮೂರು ಆಷಾಢ ಕಂಡ ಗಂಡಸು ಭೂಮಿಯ ಮೇಲೆ ತಾನೊಬ್ಬನೇ ಇರಬೇಕು. ಮೂರನೆಯದನ್ನು ತಾನೇ ಕುಂಬಳಕಾಯಿ ತಿರುಗಿಸಿ ತಿರುಗಿಸಿ ಕಲಿಸಿಕೊಟ್ಟು ಬಂದಿದ್ದ.

ಆದರೂ ಶ್ರಾವಣ ಮಾಘವೆಂಬುದು ನೆನಪಾಗಿ ಅವನ ಮುಖ ಸ್ವಲ್ಪ ಸ್ವಲ್ಪವಾಗಿ ಅರಳಿತು. ಇನ್ನು ಒಂದು ತಿಂಗಳಿಗೆ ಆ ಕೋಣೆಯಲ್ಲಿ ಬಳೆ ಸದ್ದು ಕೇಳಿಸುತ್ತದೆ. ಕುಟ್ಟಾಣಿಯ ಸದ್ದೂ ಕೇಳಿಸುತ್ತದೆ, ಇರಲಿ. ಆಗಸ್ಟಿನಿಂದ ಡಿಸೆಂಬರಿನವರೆಗೆ ಮೂರು ತಿಂಗಳ ಮೇಲಾಯಿತು. ಆರು ದಿನಕ್ಕೆ ಹೋಲಿಸಿದರೆ ಅದೇನು ಕಡಿಮೆಯೇ?

ಬಸ್ಸು ಕುಲುಕಿದಾಗ ಕುಂಬಳಕಾಯಿ ಉರುಳಿ, ಚೀಲದ ತಳದಲ್ಲಿ ಮಡಿಸಿದ ಕಾಗದವೊಂದು ಕಾಣಿಸಿತು. ಶಿವರತ್ನಳ ಅಕ್ಷರ. ಎಂದಿನಂತೆ ಮೂರೇ ಸಾಲು.

‘ಟೋಪಿಯನ್ನು ಎಮ್ಮೆ ತಿಂದರೆ ತಿನ್ನಲಿ, ಅಲ್ಲಿ ಹೋದ ಮೇಲೆ ಹೊಸದು ತೆಗೆದಿಡಿ. ಒಂದಲ್ಲ, ಎರಡು. ಅಳತೆ ನೋಡಿ ತೆಗೆದುಕೊಳ್ಳಿ, ಅಜ್ಜಿಯ ತಲೆ ನನ್ನದಕ್ಕಿಂತ ದೊಡ್ಡದು.’